ಕೊಡದ ಕೊರಳ ಸುತ್ತ ಒಂದು ಗೆರೆ

"ಈ ಸಾಲಿನ್ಯಾಗ ತಪ್ಪೈತ್ರಿ."

ಹುಸ್ನಾಳ ಕೈಯಲ್ಲಿದ್ದ ಸೀಮೆಸುಣ್ಣ ಹಲಗೆಯ ಮೇಲೇ ನಿಂತಿತು. ಆ ದನಿ ಅವಳಿಗೆ ಚೆನ್ನಾಗಿ ಗೊತ್ತು. ನರಗುಂದದ ಆಶಿಕ... ಎರಡು ವರ್ಷದಿಂದ ಫೋನಿನಲ್ಲಿ ಅವಳೊಂದಿಗೆ ದಿನಾ ಗಣಿತ ಮಾತಾಡಿದವನು. ಎದುರಾಬದುರು ನೋಡಿದ್ದು ಮಾತ್ರ ಇವತ್ತೇ, ರೋಣದ ಈ ಕಾಲೇಜಿನ ವಿಚಾರಗೋಷ್ಠಿಯಲ್ಲಿ.

ತನ್ನ ಭಾಷಣ ಮುಗಿದ ಮೇಲೆ ಮನಸ್ಸಿನಲ್ಲಿದ್ದುದನ್ನು ಅವನಿಗೆ ಹೇಳಿಬಿಡಬೇಕೆಂದು ಗಜೇಂದ್ರಗಡದಿಂದ ಬರುವಾಗಲೇ ಅವಳು ನಿರ್ಧರಿಸಿದ್ದಳು. ಹಸಿರು ದುಪಟ್ಟಾ ಹಾಕಿಕೊಂಡದ್ದೂ ಅದಕ್ಕೇ. ಅವನೋ, ನಾಲ್ಕು ಜನರೆದುರು ತಪ್ಪು ಎತ್ತಿ ನಿಂತಿದ್ದಾನೆ!

"ಎಲ್ಲೈತಿ ತಪ್ಪು?"

ಹಲಗೆಯ ಮೇಲಿದ್ದ ಲೆಕ್ಕ ಇದು: ಬಾಗಿದ ಮೇಲ್ಮೈಯಲ್ಲಿ ಒಂದು ಕಣ ಓಡುತ್ತದೆ. ಅಲ್ಲಿರುವ ಕಾಂತ, ಅಂದರೆ ಅಯಸ್ಕಾಂತ, ಅದನ್ನು ನೂಕುವುದಿಲ್ಲ, ತಡೆಯುವುದಿಲ್ಲ, ಬರೀ ಪಕ್ಕಕ್ಕೆ ತಿರುಗಿಸುತ್ತದೆ. ಕಣ ಸುತ್ತಿ ಬಂದ ದಾರಿಗಳ ಉದ್ದ ಗೊತ್ತಿದ್ದರೆ ಸಾಕು, ಮೇಲ್ಮೈಯ ಆಕಾರವನ್ನೂ ಕಾಂತದ ಬಲವನ್ನೂ ನೋಡದೆಯೇ ಹೇಳಬಹುದು. ಆ ಉದ್ದಗಳಿಗೆ ಹೊಂದುವ ಬೇರೆ ಆಕಾರವೇ ಇಲ್ಲ. ಇದು ಹುಸ್ನಾಳ ಪ್ರಮೇಯ. ಇದು ಬಿದ್ದರೆ ಅವಳ ಎರಡು ವರ್ಷದ ದುಡಿಮೆಯೂ ಬಿದ್ದಂತೆ.

"ಕಣ ಹೋದ ದಾರೀಲೇ ತಿರುಗಿ ಬರತೈತಿ ಅಂತ ಹಿಡದೀರಿ. ಅಲ್ಲೇ..." ಎಂದವನು ಮಾತು ಅರ್ಧಕ್ಕೇ ಬಿಟ್ಟು, ಮುಂಬಾಗಿಲಿನಿಂದ ಹೊರಟೇ ಹೋದ.

ಹೋದನೇ? ಇಷ್ಟು ದಿನ ಸವಿಯಾಗಿ ಮಾತಾಡಿದ್ದು ಇದಕ್ಕೇ?

ಚಹಾದ ಬಿಡುವೆಂದು ಎಲ್ಲರೂ ಎದ್ದರು. ಹುಸ್ನಾ ಮುಂಬಾಗಿಲನ್ನೇ ನೋಡುತ್ತ ನಿಂತಳು. ಬಂದರೆ ಅಲ್ಲಿಂದಲೇ ಬರಬೇಕಲ್ಲ... ಬರಲಿಲ್ಲ. ಕಣ್ಣು ತುಂಬಿತು. ಚೀಲ ಎತ್ತಿಕೊಂಡಳು.

"ಹೊಂಟ್ರೇನು?"

ದನಿ ಬೆನ್ನ ಹಿಂದಿನಿಂದ ಬಂತು. ಹಿಂಬಾಗಿಲಿನಲ್ಲಿ ಆಶಿಕ, ಕ್ಯಾಂಟೀನಿನ ಯಂಕವ್ವನ ಮಣ್ಣಿನ ಕೊಡ ಎದೆಗವಚಿಕೊಂಡು ನಿಂತಿದ್ದ. ಅಂಗಿಯೆಲ್ಲ ಒದ್ದೆ.

"ಬಾಯಿಲೆ ಹೇಳಿದ್ರ ನಿಮಗ ಸಿಟ್ಟ ಬರತೈತಿ. ಕೊಡದ ಮ್ಯಾಲ ತೋರಸೂಣಂತ ಹೋದೆ. ಈ ತಪ್ಪು ನನಗ ಬಸ್ಸಿನ್ಯಾಗ ಬರುವಾಗ ಹೊಳೀತು. ಫೋನ್ ಹಚ್ಚಿದ್ನಿ, ನೀವು ಎತ್ತಲಿಲ್ಲ."

ಭಾಷಣಕ್ಕೆಂದು ಫೋನು ಸೈಲೆಂಟ್ ಮಾಡಿದ್ದವಳು ಅವಳೇ.

ಕೊಡದ ಕೊರಳ ಸುತ್ತ ಅವನು ಸೀಮೆಸುಣ್ಣದಿಂದ ಬಲಕ್ಕೆ ಬಾಗುವ ಒಂದು ಗೆರೆ ಎಳೆದ. ಹಿಂದಿರುಗುವಾಗಲೂ ಗೆರೆಯನ್ನು ಬಲಕ್ಕೇ ಬಾಗಿಸಿದ. ಗೆರೆ ಬೇರೆಯೇ ದಾರಿ ಹಿಡಿಯಿತು.

ಹುಸ್ನಾ ಸೀಮೆಸುಣ್ಣ ಕಸಿದುಕೊಂಡಳು.

"ತಡೀರಿ... ಹೋಗೋದಕ್ಕ ಒಂದು ಉದ್ದ, ಬರೋದಕ್ಕ ಒಂದು ಉದ್ದ. ಎರಡನ್ನೂ ಬ್ಯಾರೆ ಬ್ಯಾರೆ ಹಿಡದ್ರ..."

"ಕಾಂತದ ಬಲಾನೂ ಸಿಗತೈತಿ."

"ಪ್ರಮೇಯ ಉಳೀತು, ಆಶಿಕ!"

ಅವಳು ಕುಣಿಯುವುದೊಂದೇ ಬಾಕಿ. ಆಮೇಲೆ ಹೊಳೆಯಿತು, ಹಲಗೆಯ ಮೇಲಿನ ತಪ್ಪನ್ನೇ ಬಾಗಿಲ ಮುಂದೆಯೂ ಮಾಡಿದ್ದಳು.

"ನಾ ಮುಂಬಾಗಲಾನ ನೋಡ್ಕೋತ ನಿಂತಿದ್ನಿ," ಅಂದಳು ಮೆಲ್ಲಗೆ. "ನೀವು ಬರಂಗಿಲ್ಲ ಅನಿಸ್ತು. ಭಾಳ ಅಳು ಬಂತು."

"ಪ್ರಮೇಯ ಹೋತಂತನಾ?"

"ಅಲ್ರಿ. ನನಗ ನಿಮ್ಮ ಮ್ಯಾಲ ಜೀವ ಐತಿ, ಅದಕ್ಕ."

ಆಶಿಕನ ಕಿವಿಗಳು ಕೆಂಪಾದವು.

"ನಾನೂ ಅದನ್ನ ಹೇಳಾಕ ನರಗುಂದದಿಂದ ಬಂದೇನಿ, ಹುಸ್ನಾ. ಗಜೇಂದ್ರಗಡಕ್ಕ ಬರ್ಲ್ಯಾ, ನಿಮ್ಮ ಅಬ್ಬಾನ್ನ ಕೇಳಾಕ?"

"ಬರ್ರಿ. ಯಾವ ದಾರೀಲೆ ಬಂದ್ರೂ ನಡೀತೈತಿ. ನಾ ಎರಡೂ ಬಾಗಲಾ ತಗದಿಡ್ತೀನಿ."

ಅವನು ನಕ್ಕ. ಅವಳು ಕೊಡದ ಇನ್ನೊಂದು ಬದಿ ಹಿಡಿದಳು.

"ಮೊದಲ ಯಂಕವ್ವಗ ಇದನ್ನ ಕೊಟ್ಟ ಬರೂಣು, ಇಬ್ರೂ ಕೂಡೇ."