ಫಟ್ಕಿ ಚೀಟಿ ಬಿದ್ದ ಪುಸ್ತಕ

“ಫಟ್ಕಿ,” ಎಂದ ಜಹೀರ. ಪುಸ್ತಕವನ್ನು ಶಿಲ್ಪಾಳ ಮುಂದೆ ತಳ್ಳಿದ. “ಶುದ್ಧ ಫಟ್ಕಿ. ಇಂಥಾ ಹುಚ್ಚು ಪುಸ್ತಕ ನಾ ನೋಡೇ ಇಲ್ಲ.”

“ಪೂರಾ ಓದೀದಿ?” ಶಿಲ್ಪಾ ಕೇಳಿದಳು.

“ಇಪ್ಪತ್ತು ಪೇಜ್ ಓದೇನಿ. ಆಮ್ಯಾಲೆ ಲಾಸ್ಟ್ ಪೇಜ್ ಓದೇನಿ. ಸಾಕಾತು.”

“ನಿಮ್ಮಪ್ಪಾರು ಯಾರ್ಡಿನ್ಯಾಗ ಮೆಣಸಿನಕಾಯಿ ಚೀಲ ಹೊರ್ತಾರಲ್ಲ, ಅವರನ್ನ ಕೇಳು. ಖರೀದಿ ಮಾಡಾವ್ರು ಚೀಲದ ಮ್ಯಾಲಿನ ಕಾಯಿ ಅಷ್ಟ ನೋಡ್ತಾರೇನು? ನಡಬರಕ ಕೈ ಹಾಕಿ ತಗದು ನೋಡ್ತಾರ.”

“ಈ ಚೀಲದಾಗ ನಡಬರಕ ಕೈ ಹಾಕಿದ್ರೂ ಆ ಮಾತಾಡೂ ಆಮಿನ ಸಿಗತೈತಿ,” ಎಂದ ಜಹೀರ. ಹಿಂದಿನ ಬೆಂಚಿನವರು ನಕ್ಕರು.

ಬ್ಯಾಡಗಿಯ ಆ ಶಾಲೆಯ ಏಳನೇ ತರಗತಿಯಲ್ಲಿ ಹನ್ನೊಂದು ಮಕ್ಕಳ ಒಂದು ಓದುವ ಗುಂಪು ಇತ್ತು. ಕನ್ನಡ ಕಲಿಸುವ ರಘೋತ್ತಮ ಸರ್ ತಿಂಗಳಿಗೊಮ್ಮೆ ಹಾವೇರಿಯ ಗ್ರಂಥಾಲಯದಿಂದ ಒಂದು ಟ್ರಂಕಿನಲ್ಲಿ ಪುಸ್ತಕಗಳನ್ನು ತರುತ್ತಿದ್ದರು. ಪ್ರತಿ ತಿಂಗಳು ಒಬ್ಬರು ಒಂದು ಪುಸ್ತಕ ಆರಿಸಬೇಕು. ಅದನ್ನು ಎಲ್ಲರೂ ಸರದಿಯ ಮೇಲೆ ಓದಬೇಕು. ಕೊನೆಯ ಶನಿವಾರ ಎಲ್ಲರೂ ಚೀಟಿ ಹಾಕಬೇಕು.

ಚೀಟಿಯಲ್ಲಿ ಮಾರ್ಕ್ಸ್ ಬರೆಯುವಂತಿಲ್ಲ. ಮೆಣಸಿನಕಾಯಿಯ ಹೆಸರು ಬರೆಯಬೇಕು. ಈ ಪದ್ಧತಿ ಮಕ್ಕಳೇ ಮಾಡಿಕೊಂಡದ್ದು. ಡಬ್ಬಿ ಎಂದರೆ ಕಡುಗೆಂಪು, ದಪ್ಪ, ಬೀಜ ತುಂಬಿದ ಕಾಯಿ. ಪುಸ್ತಕ ಬಹಳ ಹಿಡಿಸಿದರೆ ಡಬ್ಬಿ. ಕಡ್ಡಿ ಎಂದರೆ ಸಪೂರ ಕಾಯಿ. ಪುಸ್ತಕ ಪರವಾಗಿಲ್ಲ ಎನ್ನಿಸಿದರೆ ಕಡ್ಡಿ. ಫಟ್ಕಿ ಎಂದರೆ ಬಣ್ಣ ಹೋಗಿ ಬಿಳಿಚಿದ ಕಾಯಿ. ಅದನ್ನು ಯಾರೂ ಮುಟ್ಟುವುದಿಲ್ಲ.

ಹನ್ನೊಂದರಲ್ಲಿ ಆರು ಫಟ್ಕಿ ಬಿದ್ದರೆ ಪುಸ್ತಕ ಸೋಮವಾರವೇ ಟ್ರಂಕಿನಲ್ಲಿ ಹಾವೇರಿಗೆ ವಾಪಸ್. ಇಲ್ಲವಾದರೆ ಅದು ಪರೀಕ್ಷೆ ಮುಗಿಯುವ ತನಕ ತರಗತಿಯ ಕಪಾಟಿನಲ್ಲಿ ಇರುತ್ತದೆ.

ಈ ತಿಂಗಳು ಶಿಲ್ಪಾಳ ಸರದಿ. ಅವಳು ಆರಿಸಿದ್ದು ಜಪಾನಿನ ಒಂದು ಕಾದಂಬರಿ. ಯಾರೋ ಕನ್ನಡಕ್ಕೆ ತಂದಿದ್ದರು.

ಅದರಲ್ಲಿ ಮಿತ್ಸು ಎಂಬ ಹನ್ನೆರಡು ವರ್ಷದ ಹುಡುಗಿ. ಅವರ ಅಡುಗೆಮನೆಯಲ್ಲಿ ಅಕ್ಕಿ ಪೆಟ್ಟಿಗೆಯ ಹಿಂದೆ ಒಂದು ಸಣ್ಣ ಬಾಗಿಲು. ಬಾಗಿಲು ದಾಟಿದರೆ ರೈಲ್ವೆ ಸ್ಟೇಷನ್. ಅಲ್ಲಿ ಸ್ಟೇಷನ್ ಮಾಸ್ತರ ಒಂದು ಆಮೆ. ರೈಲು ಬರುತ್ತದೆ, ನಿಲ್ಲುತ್ತದೆ, ಯಾರೂ ಇಳಿಯುವುದಿಲ್ಲ. ಮಿತ್ಸು ದಿನವೂ ಹೋಗಿ ಕಾಯುತ್ತಾಳೆ. ಆದರೆ ಬಾಗಿಲು ದಿನಕ್ಕೊಂದು ಬೆರಳಿನಷ್ಟು ಸಣ್ಣದಾಗುತ್ತ ಹೋಗುತ್ತದೆ. ಕೊನೆಯ ಪುಟದಲ್ಲಿ ಅವಳ ತಲೆ ಹಿಡಿಸುವುದಿಲ್ಲ, ಹೆಗಲು ಹಿಡಿಸುವುದಿಲ್ಲ. ಅವಳು ಒಂದು ಕೈ ಮಾತ್ರ ಒಳಗೆ ಚಾಚುತ್ತಾಳೆ. ಆ ಕಡೆಯಿಂದ ಯಾರೋ ಅವಳ ಕೈ ಹಿಡಿದುಕೊಳ್ಳುತ್ತಾರೆ.

ಅಷ್ಟೇ. ಕತೆ ಮುಗಿಯಿತು.

“ಆಮಿ ಸ್ಟೇಷನ್ ಮಾಸ್ತರ ಆದ್ರ ಆ ರೈಲು ಯಾವಾಗ ಬಿಡಬೇಕು?” ಎಂದ ದುರ್ಗೇಶ. “ಹಸಿರು ಬಾವುಟ ಎತ್ತೂದ್ರಾಗ ಪರೀಕ್ಷಾ ಮುಗೀತಾವು.”

“ನನಗ ಛಲೋ ಅನ್ನಿಸ್ತು,” ಎಂದಳು ಬೇನಜೀರ. “ಯಾಕ ಅಂತ ಕೇಳಬ್ಯಾಡ್ರಿ. ಓದಿದ ಮ್ಯಾಲೆ ಎರಡು ದಿನ ನಮ್ಮ ಮನಿ ಅಕ್ಕಿ ಚೀಲ ಸರಿಸಿ ಸರಿಸಿ ನೋಡೇನಿ. ನಮ್ಮಮ್ಮೀ ಕಡೆ ಬೈಸಿಕೊಂಡೇನಿ.”

ಜಹೀರ ಶಿಲ್ಪಾಳ ಕಡೆ ತಿರುಗಿದ. “ಕೈ ಹಿಡದಾವ್ರು ಯಾರು? ಅದನ್ನಷ್ಟ ಹೇಳು.”

“ಅಕ್ಕ. ಎರಡನೇ ಅಧ್ಯಾಯದಾಗ ಮನಿ ಬಿಟ್ಟು ಹೋಗ್ತಾಳಲ್ಲ, ಮಿತ್ಸುನ ಅಕ್ಕ.”

“ಎಲ್ಲಿ ಬರದೈತಿ? ತೋರಸು.”

ಶಿಲ್ಪಾಳಿಗೆ ತೋರಿಸಲು ಆಗಲಿಲ್ಲ. ಎಲ್ಲಿಯೂ ಬರೆದಿರಲಿಲ್ಲ. ಆದರೆ ಅದು ಅಕ್ಕನೇ ಎಂದು ಅವಳಿಗೆ ಗೊತ್ತಿತ್ತು. ಅವಳ ಅಕ್ಕ ದೀಪಿಕಾ ಜೂನ್ ತಿಂಗಳಲ್ಲಿ ಕಾಲೇಜು ಸೇರಿ ರಾಣೆಬೆನ್ನೂರಿನ ಹಾಸ್ಟೆಲಿಗೆ ಹೋಗಿದ್ದಳು. ಬಸ್ಸಿನಲ್ಲಿ ಒಂದು ತಾಸಿನ ದಾರಿಯೂ ಅಲ್ಲ. ಆದರೂ ಮನೆಗೆ ಬಂದಾಗ ದೀಪಿಕಾ ಈಗ ಬೇರೆ ಯಾರದೋ ಮನೆಗೆ ಬಂದವಳ ಹಾಗೆ ಕುಳಿತಿರುತ್ತಿದ್ದಳು. ಫೋನು ನೋಡಿ ಒಬ್ಬಳೇ ನಗುತ್ತಿದ್ದಳು.

ಇದನ್ನು ಜಹೀರನ ಮುಂದೆ ಹೇಳುವುದು ಸಾಧ್ಯವಿರಲಿಲ್ಲ.

“ಶನಿವಾರದೊಳಗ ತೋರಸ್ತೇನಿ,” ಎಂದಳು. “ತೋರಸಲಿಲ್ಲ ಅಂದ್ರ ಕೇಳು.”

ಅವತ್ತು ಸೋಮವಾರ.

ಶಾಲೆ ಬಿಟ್ಟ ಮೇಲೆ ಅವಳು ಪುಸ್ತಕ ಹಿಡಿದುಕೊಂಡು ನೇರವಾಗಿ ಶೆಡ್ಡಿಗೆ ಹೋದಳು. ಅವ್ವ ಜಯವ್ವ ಅಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ ಮಾಡುತ್ತಿದ್ದಳು. ತಗಡಿನ ಸೂರು, ನಡುವೆ ಕೆಂಪು ರಾಶಿ, ಸುತ್ತ ಹೆಂಗಸರು. ಎಲ್ಲರ ಮೂಗಿಗೂ ಸೆರಗು ಕಟ್ಟಿತ್ತು. ಹೊಸಬರು ಒಳಗೆ ಕಾಲಿಟ್ಟರೆ ಹತ್ತು ಸಲ ಸೀನಬೇಕು. ಶಿಲ್ಪಾ ಎರಡೇ ಸಲ ಸೀನಿದಳು.

ಅವಳು ಒಂದು ಖಾಲಿ ಚೀಲ ಹಾಸಿಕೊಂಡು, ಓಡ್ನಿಯನ್ನು ಮೂಗಿಗೆ ಸುತ್ತಿಕೊಂಡು ಮೊದಲ ಪುಟದಿಂದ ಮತ್ತೆ ಓದತೊಡಗಿದಳು. ಒಂದೂ ಸಾಲು ಬಿಡಬಾರದು, ಎಲ್ಲಿಯಾದರೂ ಸಾಕ್ಷಿ ಸಿಕ್ಕೇ ಸಿಗುತ್ತದೆ ಎಂದುಕೊಂಡಿದ್ದಳು.

“ಬಾಯೊಳಗ ಏನ್ ಗುಣುಗುಣು ಹಚ್ಚೀದಿ?” ಎಂದಳು ಫಕ್ಕೀರವ್ವ. ಅಲ್ಲಿ ಎಲ್ಲರಿಗಿಂತ ಹಿರಿಯಳು ಅವಳು. “ಓದೂದಿದ್ರ ನಮಗೂ ಕೇಳೂಹಂಗ ಓದು.”

“ಇದು ಜಪಾನ್ ಕತಿ, ಆಯಿ. ನಿಮಗ ತಿಳಿಯಂಗಿಲ್ಲ.”

“ಅವರೇನು ಅನ್ನ ಉಣ್ಣಂಗಿಲ್ಲೇನು? ಓದು.”

ಶಿಲ್ಪಾ ಓದಿದಳು. ಬಾಗಿಲು ಬಂತು, ಸ್ಟೇಷನ್ ಬಂತು, ಆಮೆ ಟೋಪಿ ಹಾಕಿಕೊಂಡು ಬಂತು. ಈಗ ನಗುತ್ತಾರೆ ಎಂದು ಅವಳು ತಲೆ ಎತ್ತಿ ನೋಡಿದಳು. ಯಾರೂ ನಗಲಿಲ್ಲ. ತೊಟ್ಟು ಮುರಿಯುವ ಸದ್ದು ಚಿಟಿಚಿಟಿ ಎಂದು ನಡೆದೇ ಇತ್ತು.

“ಆಮಿ ಮಾತಾಡ್ತು ಅಂತ ಬರದಾರ, ಆಯಿ,” ಎಂದು ತಾನೇ ಹೇಳಿದಳು.

“ಮಾತಾಡ್ಲಿ ಬಿಡು. ಆ ಹುಡುಗಿ ಮುಂಜಾನಿಂದ ಏನೂ ತಿಂದಿಲ್ಲಲ್ಲ, ಅದನ್ನ ಯಾಕ ಯಾರೂ ಕೇಳವಲ್ರು?”

“ಹೌದು ನೋಡು,” ಎಂದಳು ಸುಶೀಲವ್ವ. ಶಿಲ್ಪಾ ಅವಳನ್ನು ಚಿಗವ್ವ ಎನ್ನುತ್ತಿದ್ದಳು. “ಅವರವ್ವ ಎಂಥಾಕಿ? ಮಗಳು ದಿನಾ ಅಕ್ಕಿ ಪೆಟಿಗಿ ಹಿಂದ ಹೋಗ್ತಾಳ, ಆಕಿಗೆ ಗೊತ್ತ ಇಲ್ಲ?”

ಮಂಗಳವಾರ, ಬುಧವಾರ, ಗುರುವಾರ ಹೀಗೆಯೇ ನಡೆಯಿತು. ಶಿಲ್ಪಾ ಬರುವುದು ಹತ್ತು ನಿಮಿಷ ತಡವಾದರೆ ಸುಶೀಲವ್ವ ಬೈಯುತ್ತಿದ್ದಳು. ಸಾಕ್ಷಿ ಇರಬಹುದು ಎನ್ನಿಸಿದ ಕಡೆಯಲ್ಲೆಲ್ಲ ಶಿಲ್ಪಾ ಒಂದೊಂದು ಕಾಗದದ ಚೂರು ಸಿಕ್ಕಿಸುತ್ತಿದ್ದಳು.

ಶುಕ್ರವಾರ ಕೊನೆಯ ಪುಟ ಬಂತು. ಮಿತ್ಸು ಕೈ ಚಾಚಿದಳು. ಯಾರೋ ಹಿಡಿದುಕೊಂಡರು. ಶಿಲ್ಪಾ ಪುಸ್ತಕ ಮುಚ್ಚಿದಳು.

ಕೆಲಸ ನಿಂತಿತ್ತು.

“ಮುಂದ?” ಎಂದಳು ಸುಶೀಲವ್ವ.

“ಮುಂದ ಇಲ್ಲ.”

“ಇಲ್ಲ ಅಂದ್ರ? ಐದು ದಿನ ಕುಂತು ಕೇಳೇನಿ. ಇದು ಮೋಸ. ಯಾರು ಹಿಡದ್ರು ಅಂತ ಹೇಳಾಕ ಬರದಾವಗೇನ್ ಧಾಡಿ? ಒಗಿ ಅತ್ತಾಗ ಆ ಪುಸ್ತಕ.”

“ಒಗಿಯೂದ್ಯಾಕ? ಅವ್ವ ಹಿಡದಾಳ,” ಎಂದಳು ಫಕ್ಕೀರವ್ವ. “ಈ ಕಡೆ ಅಡಗಿಮನ್ಯಾಗ ಇರಾಕಿ ಅಲ್ಲ. ಆಕಿ ಬರೇ ಮಾತಾಡ್ಲಾರದ ಅಡಗಿ ಮಾಡಾಕಿ. ಖರೇ ಅವ್ವ ಆ ಕಡೆ ಅದಾಳ. ನಮ್ಮವ್ವನ ಕೈ ಹಂಗ ಇತ್ತು. ಗಟ್ಟಿ.” ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಖಾರದ ಕೈ ತಾಗಿ ಕಣ್ಣು ಇನ್ನಷ್ಟು ಉರಿಯಿತು. ಯಾರಿಗೋ ಬೈದಳು.

“ಅಕ್ಕನ ಕೈ ಆಯಿ ಅದು. ಅಕ್ಕಂದು,” ಎಂದಳು ಶಿಲ್ಪಾ.

ಇಷ್ಟು ದಿನ ಒಂದೂ ಮಾತಾಡದ ಜಯವ್ವ ಈಗ ಬಾಯಿ ತೆರೆದಳು. “ಆಕೀದ ಇರಬೇಕು.”

“ಯಾರ್ದು?”

“ಆ ಹುಡುಗೀದ. ಸಣ್ಣಾಕಿ ಇದ್ದಾಗಿನ ಕೈ. ಆಕಿ ದೊಡ್ಡಾಕಿ ಆಗಿ ಈ ಕಡೆ ಉಳದ್ಳು. ಸಣ್ಣಾಕಿ ಅಲ್ಲೇ ಉಳದ್ಳು. ಹೋಗಿ ಬರ್ತೇನಿ ಅಂತ ಕೈ ಹಿಡದಾಳ.”

ಶಿಲ್ಪಾಳಿಗೆ ಸಿಟ್ಟು ಬಂತು. ಮತ್ತೆ ಮತ್ತೆ ಓದಿದ್ದು ತಾನು. ಐದು ದಿನ ಮೂಗು ಕಟ್ಟಿಕೊಂಡು ಹುಡುಕಿದ್ದು ತಾನು. ಅವ್ವ ತೊಟ್ಟು ಮುರಿಯುತ್ತ ಕುಳಿತು ಒಂದೇ ಸಲ ಕೇಳಿ ಹೀಗೆ ಹೇಳಿಬಿಟ್ಟಳು. ಸಿಟ್ಟು ಬಂದದ್ದು ಅದಕ್ಕಷ್ಟೇ ಅಲ್ಲ. ಅವ್ವ ಹೇಳಿದ್ದು ಸರಿ ಇರಬಹುದು ಎನ್ನಿಸಿತು.

“ಹಂಗ ಎಲ್ಲಿ ಬರದೈತಿ?” ಎಂದು ಕೇಳಿದಳು. ಕೇಳಿದ ಮೇಲೆ ತನ್ನ ದನಿ ಜಹೀರನ ದನಿಯಂತೆಯೇ ಇತ್ತಲ್ಲ ಎನ್ನಿಸಿತು.

“ನನಗ ಓದಾಕ ಎಲ್ಲಿ ಬರತೈತಿ?” ಎಂದು ಜಯವ್ವ ಮತ್ತೆ ರಾಶಿಗೆ ಕೈ ಹಾಕಿದಳು. “ಅನ್ನಿಸ್ತು, ಹೇಳಿದೆ.”

ಶನಿವಾರ ಚೀಟಿ ಹಾಕುವ ಮೊದಲು ರಘೋತ್ತಮ ಸರ್ ಶಿಲ್ಪಾಳನ್ನು ಮುಂದೆ ಕರೆದರು. “ಪುಸ್ತಕ ಆರಿಸಿದವರು ಎರಡು ಮಾತು ಹೇಳಬೇಕು. ಹೇಳವಾ.”

ಜಹೀರ ಕೈ ಕಟ್ಟಿಕೊಂಡು ಕುಳಿತಿದ್ದ. ಪುಸ್ತಕದಿಂದ ಏಳು ಕಾಗದದ ಚೂರುಗಳು ಇಣುಕುತ್ತಿದ್ದವು. ಶಿಲ್ಪಾ ಮೊದಲನೆಯದನ್ನು ಹಿಡಿದಳು. ತೆರೆಯಲಿಲ್ಲ.

ಶೆಡ್ಡಿನಲ್ಲಿ ಯಾರು ಏನು ಹೇಳಿದರು ಎಂಬುದನ್ನು ಹಾಗೆಯೇ ಹೇಳಿದಳು. ಫಕ್ಕೀರವ್ವನದು ಹೇಳಿದಳು, ತನ್ನ ಅವ್ವನದು ಹೇಳಿದಳು. ಸುಶೀಲವ್ವ ‘ಮೋಸ, ಒಗಿ ಅತ್ತಾಗ’ ಎಂದದ್ದನ್ನೂ ಬಿಡಲಿಲ್ಲ.

“ಆ ಚಿಗವ್ವ ಖರೇ ಹೇಳ್ಯಾಳ ನೋಡ್ರಿ ಸರ್,” ಎಂದ ಜಹೀರ.

“ಅವ್ವನ ಕೈ ಹೆಂಗ ಆಗತೈತಿ?” ದುರ್ಗೇಶ ಎದ್ದು ನಿಂತ. “ಅದು ಆಮೀದು. ಟಿಕೆಟ್ ಕೇಳಾಕತ್ತೈತಿ.”

“ಆಮಿಗೆ ಬೆರಳು ಎಲ್ಲಿರ್ತಾವು? ಬೆರಳು ಹಿಡೀತು ಅಂತ ಬರದಾರ,” ಎಂದಳು ಬೇನಜೀರ.

“ಯಾವ ಪೇಜ್?” ದುರ್ಗೇಶ ಕೇಳಿದ.

“ಲಾಸ್ಟಿಂದು. ನೀ ಓದಿಲ್ಲಲೇ.”

ಗದ್ದಲ ಎದ್ದಿತು. ಸರ್ ಎರಡು ಸಲ ಡಸ್ಟರ್ ಬಡಿದರು. ಚೀಟಿ ಬಿದ್ದವು. ಸರ್ ಒಂದೊಂದೇ ಬಿಡಿಸಿ ಓದಿದರು. ಡಬ್ಬಿ ಮೂರು. ಕಡ್ಡಿ ಎರಡು. ಫಟ್ಕಿ ಆರು.

ಒಂದೇ ಚೀಟಿ ಹೆಚ್ಚು. ಶಿಲ್ಪಾ ಅಳಬಾರದು ಎಂದು ಹಲ್ಲು ಕಚ್ಚಿದಳು. ಆಮೇಲೆ ಕೈ ಎತ್ತಿದಳು.

“ಸರ್, ವಾಪಸ್ ಹೋದ ಪುಸ್ತಕ ಮತ್ತ ತರಿಸಾಕ ಬರತೈತೇನ್ರಿ?”

“ಇಷ್ಟು ದಿನ ಯಾರೂ ಕೇಳಿಲ್ಲ,” ಎಂದರು ಸರ್. ಸ್ವಲ್ಪ ಯೋಚಿಸಿದರು. “ಬರ್ತದ. ಅರ್ಜಿ ಬರೀರಿ. ಗುಂಪಿನೊಳಗ ಆರು ಮಂದಿ ಸಹಿ ಬೇಕು. ಸೋಮವಾರ ಟ್ರಂಕ್ ಕಳಸೂದ್ರಾಗ ನನ್ನ ಕೈಯಾಗ ಕೊಡಬೇಕು.”

ಶಿಲ್ಪಾ ಅಲ್ಲೇ ಕುಳಿತು ಅರ್ಜಿ ಬರೆದಳು. ಬೆಲ್ ಆಗುವಷ್ಟರಲ್ಲಿ ಐದು ಸಹಿ ಬಿದ್ದವು. ಡಬ್ಬಿಯ ಮೂವರು, ಕಡ್ಡಿಯ ಇಬ್ಬರು. ಆರನೆಯ ಸಹಿ ಫಟ್ಕಿ ಎಂದವರೇ ಮಾಡಬೇಕು.

ಅವಳು ಗೇಟಿನ ಹತ್ತಿರ ಜಹೀರನನ್ನು ಅಡ್ಡಗಟ್ಟಿ ಅರ್ಜಿ ಹಿಡಿದಳು.

“ನಾ ಫಟ್ಕಿ ಹಾಕೇನಿ,” ಎಂದ ಅವನು.

“ಗೊತ್ತೈತಿ.”

“ನಂದ ತಪ್ಪು ಅಂತ ಹೇಳಾಕ ಬಂದೀದಿ?”

“ಇಲ್ಲ.”

ಅವನು ಅರ್ಜಿ ಓದಿದ. ಪೆನ್ನು ಮುಟ್ಟಲಿಲ್ಲ. “ಪೂರಾ ಓದಲಾರದ ಸಹಿ ಮಾಡಿದ್ರ ಹೆಂಗ? ನಾಳೆ ಆದಿತ್ಯವಾರ. ಪುಸ್ತಕ ಕೊಡು. ಓದಿ ಮತ್ತ ಫಟ್ಕಿನ ಅನ್ನಿಸಿದ್ರ ಸಹಿ ಕೇಳಬ್ಯಾಡ.”

ಈ ಆದಿತ್ಯವಾರ ಶಿಲ್ಪಾ ಅದನ್ನು ಕೊನೆಯ ಸಲ ಓದಬೇಕೆಂದುಕೊಂಡಿದ್ದಳು. ಪುಸ್ತಕವನ್ನು ಚೀಲದಿಂದ ತೆಗೆದಳು. ಕೊಡುವ ಮೊದಲು ಕಾಗದದ ಚೂರುಗಳಿಗೆ ಕೈ ಹಾಕಿದಳು.

“ಆ ಚೂರು ಇರ್ಲಿ. ಎಲ್ಲಿ ಏನೈತಿ ಅಂತ ಲಗೂ ಗೊತ್ತಾಗತೈತಿ,” ಎಂದ ಜಹೀರ.

“ಬ್ಯಾಡ. ಅವು ನನಗ ಅನ್ನಿಸಿದ್ದು,” ಎಂದಳು ಶಿಲ್ಪಾ. ಏಳೂ ಕಾಗದದ ಚೂರುಗಳನ್ನು ಒಂದೊಂದಾಗಿ ಎಳೆದು ತನ್ನ ಮುಷ್ಟಿಯಲ್ಲಿ ಇಟ್ಟುಕೊಂಡಳು. ಪುಸ್ತಕವನ್ನು ಅವನ ಕೈಗೆ ಕೊಟ್ಟಳು.