ಎಡಗಡೆಯ ಕುರ್ಚಿ

"ನೀವು ಮೋಸ ಮಾಡ್ತಿದೀರಿ!"

ಬೂತಿನ ದಪ್ಪ ಬಾಗಿಲನ್ನು ಎಳೆದು ತೆರೆದು, ಒಳಗೆ ಕುಳಿತಿದ್ದವನ ಮುಖಕ್ಕೇ ಹೇಳಿಬಿಟ್ಟಳು ಅವಳು.

ಅವನು ಹೆಡ್‌ಫೋನ್ ಸರಿಸಿ ಕೈಯಲ್ಲಿದ್ದ ಗುಂಡಿಯನ್ನು ನೋಡಿಕೊಂಡ.

"ಬೀಪ್ ಕೇಳಿಸಿದಾಗ ಗುಂಡಿ ಒತ್ತಿ ಅಂದ್ರಿ. ಒತ್ತಿದೆ."

"ಕಳೆದ ಐದು ಸಲ ನಾನು ಬೀಪ್ ಬಿಡಲೇ ಇಲ್ಲ. ಬಿಟ್ಟ ಹಾಗೆ ನಾಟಕ ಮಾಡಿದೆ, ಅಷ್ಟೆ. ಐದು ಸಲಾನೂ ಒತ್ತಿದ್ರಿ!"

ಅವನು ಗುಂಡಿಯನ್ನು ಮಡಿಲಲ್ಲಿಟ್ಟ. ಆ ಕೋಣೆಯ ಮೌನ ಬೇರೆ ತರದ್ದು. ಹೊರಗಿನ ಒಂದು ಕೆಮ್ಮು ಕೂಡ ಒಳಗೆ ಬರುವುದಿಲ್ಲ. ಕಿವಿ ಪರೀಕ್ಷೆ ಮಾಡುವ ಆ ಕೋಣೆಯಲ್ಲಿ ಅವಳು ಏಳು ವರ್ಷ ಕಳೆದಿದ್ದಳು. ಆಸ್ಪತ್ರೆಯಲ್ಲಿ ಎಲ್ಲರಿಗೂ ಅವಳು ‘ಬೀಪ್ ಮೇಡಂ’.

"ಹೇಗೆ ಗೊತ್ತಾಗ್ತಿತ್ತು ನಿಮಗೆ?"

ಅವನು ಬೂತಿನ ಗೋಡೆಯನ್ನು ಕಣ್ಣಲ್ಲೇ ತೋರಿಸಿದ. ಅಲ್ಲಿ ಚೌಕಟ್ಟು ಹಾಕಿದ ಕಿವಿಯ ಚಿತ್ರವಿತ್ತು. ಅದರ ಗಾಜಿನಲ್ಲಿ, ಬೂತಿನ ಕಿಟಕಿಯಾಚೆ ಯಂತ್ರದ ಮುಂದೆ ಕೂರುವವರ ಮುಖ ಕಾಣುತ್ತಿತ್ತು. ಅವಳದೇ ಮುಖ.

"ಬೀಪ್ ಬಿಡೋ ಮುಂಚೆ ನೀವು ಉಸಿರು ಹಿಡೀತೀರಿ. ಕೆಳತುಟಿ ಸ್ವಲ್ಪ ಒಳಗೆ ಹೋಗುತ್ತೆ. ನಾಟಕಕ್ಕೂ ಹಾಗೇ ಮಾಡಿದ್ರಿ."

ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ತನ್ನ ಮುಖವನ್ನು ಒಬ್ಬರು ಹತ್ತು ನಿಮಿಷ ಇಷ್ಟು ಗಮನವಿಟ್ಟು ನೋಡಿ ಎಷ್ಟು ಕಾಲವಾಗಿತ್ತು...?

ಚಿತ್ರವನ್ನು ಗೋಡೆಯಿಂದ ಇಳಿಸಿ ಮತ್ತೆ ಮೊದಲಿನಿಂದ ಪರೀಕ್ಷೆ ಮಾಡಿದಳು. ಬಲಗಿವಿ ಚೆನ್ನಾಗಿತ್ತು. ಎಡಗಿವಿಯ ಗೆರೆ ಮಾತ್ರ ಕಾಗದದ ಮೇಲೆ ಮೆಟ್ಟಿಲಿಳಿದ ಹಾಗೆ ಕೆಳಗಿಳಿಯಿತು; ಆ ಕಿವಿ ಮಂದವಾಗಿತ್ತು.

"ಯಾಕೆ ಮೋಸ ಮಾಡಿದ್ರಿ? ಅದರಿಂದ ನನಗೇನು ನಷ್ಟ?"

"ನಿಮಗೆ ಮಾಡಿದ್ದಲ್ಲ. ನನಗೆ ನಾನೇ ಮಾಡ್ಕೊಂಡಿದ್ದು." ಅವನು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. "ನನ್ನ ಹೊಟ್ಟೆಪಾಡು ಈ ಎರಡು ಕಿವಿ ಮೇಲೆ ನಿಂತಿದೆ. ಯಾರಿಗೂ ಹೇಳಲ್ಲ ತಾನೆ?"

"ಈ ಕೋಣೆಯ ಮಾತು ಈ ಕೋಣೆಯಲ್ಲೇ ಇರುತ್ತೆ."

ಆಸ್ಪತ್ರೆಯ ಚೀಟಿಯಲ್ಲಿ ‘ಉದ್ಯೋಗ’ ಎಂಬ ಜಾಗವನ್ನು ಅವನು ಖಾಲಿ ಬಿಟ್ಟಿದ್ದ. ಅವಳೂ ಕೇಳಲಿಲ್ಲ.

*

ತಂಗಿಯ ಮದುವೆಗೆ ಇನ್ನು ಮೂರೇ ವಾರ.

ಅಮ್ಮ ಹೋದಮೇಲೆ ಅಕ್ಕ ತಂಗಿ ಇಬ್ಬರೇ ಎರಡು ಕೋಣೆಯ ಆ ಬಾಡಿಗೆ ಮನೆಯಲ್ಲಿದ್ದರು. ತಂಗಿ ಹೋದರೆ ಒಂದು ಕೋಣೆ ಪೂರ್ತಿ ಖಾಲಿ. ಅದನ್ನು ನೆನೆಯಬಾರದೆಂದೇ ಅವಳು ಹನ್ನೊಂದು ತಿಂಗಳಿಂದ ಒಂದು ಕೆಲಸ ಹಚ್ಚಿಕೊಂಡಿದ್ದಳು. ಮದುವೆ ದಿನ ಹಾಕಲು ಹಾಡುಗಳ ಪಟ್ಟಿ! ಊಟದ ಬಿಡುವಿನಲ್ಲಿ ಬೂತಿನೊಳಗೆ ಕುಳಿತು, ಬಾಗಿಲು ಹಾಕಿಕೊಂಡು, ಒಂದೊಂದೇ ಹಾಡು ಆರಿಸಿದ್ದಳು. ಒಟ್ಟು ಅರವತ್ತೊಂದು. ಯಾವುದರ ಹಿಂದೆ ಯಾವುದು, ನಡುವೆ ಎಷ್ಟು ಕ್ಷಣದ ಬಿಡುವು, ಎಲ್ಲವೂ ಲೆಕ್ಕ ಹಾಕಿ ಇಟ್ಟದ್ದು.

"ಅಕ್ಕಾ, ಬೈಯಲ್ಲ ಅಂದ್ರೆ ಒಂದು ಮಾತು..." ತಂಗಿ ತಲೆ ಒರೆಸಿಕೊಳ್ಳುತ್ತ ಬಂದಳು. "ಡಿಜೆ ಗೊತ್ತು ಮಾಡಿದೀನಿ."

"ನನ್ನ ಪಟ್ಟಿ ಇದೆಯಲ್ಲೇ."

"ಅಯ್ಯೋ, ನಿನ್ನ ಪಟ್ಟಿ ಹಾಕಿದ್ರೆ ಬಂದವರೆಲ್ಲ ತಟ್ಟೆ ಮುಂದೆನೇ ನಿದ್ದೆ ಹೋಗ್ತಾರೆ! ನನ್ನ ಮದುವೇಲಿ ಜನ ಕುಣೀಬೇಕು ಕಣೇ."

ಅವಳು ನಕ್ಕಳು. ನಗುವುದು ಅವಳಿಗೆ ಸುಲಭವಾಗಿ ಬರುತ್ತಿತ್ತು, ಯಾರೂ ಸರಿಯಾಗಿ ನೋಡದಿದ್ದರೆ.

‘ಹಾಡುಗಳ ಜೊತೆ ಮೂಲೇಲಿ ಕೂತಿರ್ತೀನಿ ಅಂತ ತಾನೆ ನಾನು ಆ ದಿನಕ್ಕೆ ಧೈರ್ಯ ಮಾಡಿದ್ದು... ಈಗ ಎಲ್ಲಿ ಕೂರಲಿ?’

"ಅವರನ್ನ ಇಲ್ಲಿಗೇ ಕರೆದಿದೀನಿ. ನೀನೇ ಮಾತಾಡು, ಸಮಾಧಾನ ಆಗುತ್ತೆ" ಎಂದಳು ತಂಗಿ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು.

ಬಾಗಿಲಲ್ಲಿ ಅವನು!

ಇಬ್ಬರಿಗೂ ಗುರುತು ಸಿಕ್ಕಿತು. ಅವನ ಕೈ ತಾನಾಗಿಯೇ ಎಡಗಿವಿಗೆ ಹೋಗಿ ಇಳಿಯಿತು.

"ಮೊದಲೇ ಪರಿಚಯಾನಾ?" ತಂಗಿ ಹುಬ್ಬೇರಿಸಿದಳು.

"ಇಲ್ಲ" ಎಂದಳು ಅವಳು. ಅವನ ಹೆಗಲು ಸಡಿಲವಾದದ್ದು ಅವಳಿಗೆ ಮಾತ್ರ ಕಂಡಿತು.

ಹೊರಡುವಾಗ ಅವನೇ ಕೇಳಿದ: "ಹಾಡಿನ ಪಟ್ಟಿ ಇದೆ ಅಂದ್ರಿ. ಕೊಡಿ, ಪೂರ್ತಿ ಕೇಳ್ತೀನಿ."

"ಪೂರ್ತಿ ಅಂದ್ರೆ ನಾಲ್ಕು ಗಂಟೆ ಹನ್ನೆರಡು ನಿಮಿಷ ಇದೆ."

"ಕೂತು ಕೇಳ್ತೀನಿ. ನಮ್ಮಂಥವರಿಗೆ ಬೇರೆ ಏನು ಕೆಲಸ?"

ಆ ಪಟ್ಟಿಯನ್ನು ಕೇಳುತ್ತೇನೆಂದು ಅದುವರೆಗೆ ಯಾರೂ ಅಂದಿರಲಿಲ್ಲ.

*

ನಾಲ್ಕನೇ ದಿನ ಅವನು ಅವಳನ್ನು ಮದುವೆಯ ಹಾಲ್‌ಗೆ ಕರೆಸಿದ. ಅಲ್ಲಿ ಬೇರೆ ಯಾವುದೋ ಸಮಾರಂಭಕ್ಕೆ ಕುರ್ಚಿ ಜೋಡಿಸುತ್ತಿದ್ದರು. ಅಡುಗೆಮನೆಯ ಫ್ಯಾನ್ ಗರಗರ ಎನ್ನುತ್ತಿತ್ತು.

"ನಿಮ್ಮ ಏಳನೇ ಹಾಡು ಹಾಕಿದೀನಿ" ಎಂದ.

"ಎಲ್ಲಿ?"

"ಓಡ್ತಾ ಇದೆ. ಕೇಳಿಸ್ತಿಲ್ವಾ?"

ಅವಳು ಕಿವಿಗೊಟ್ಟಳು. ಅವಳು ಪ್ರಾಣದಂತೆ ಪ್ರೀತಿಸಿದ ಆ ಹಾಡು, ಕೊಳಲು ಉಸಿರೆಳೆಯುವುದೂ ಕೇಳುವ ಆ ಹಾಡು, ಎಳೆಯುವ ಕುರ್ಚಿಗಳ ಸದ್ದಿನಲ್ಲಿ ಎಲ್ಲಿಯೂ ಇರಲಿಲ್ಲ! ಹನ್ನೊಂದು ತಿಂಗಳು ಅವಳು ಹಾಡುಗಳನ್ನು ತೂಗಿದ್ದು ಲೋಕದ ಸದ್ದೇ ಬಾರದ ಪೆಟ್ಟಿಗೆಯಲ್ಲಿ. ಜನ ಇರುತ್ತಾರೆಂಬುದನ್ನೇ ಮರೆತಿದ್ದಳು.

"ನೀವು ಇದನ್ನ ಒಬ್ಬರೇ ಕೂತು ಮಾಡಿದೀರಿ" ಅವನು ಮೆಲ್ಲಗೆ ಹೇಳಿದ. "ಮತ್ತೆ... ಅರವತ್ತೊಂದರಲ್ಲಿ ಒಂದೂ ನಿಮ್ಮದಲ್ಲ. ಪಟ್ಟಿ ಕೊಡುವಾಗ ನೀವೇ ಹೇಳಿದ್ರಿ, ಎಲ್ಲಾ ನಿಮ್ಮ ತಂಗಿ ಹಾಡು, ನಿಮ್ಮಮ್ಮನ ಹಾಡು ಅಂತ. ನೀವೆಲ್ಲಿದೀರಿ ಇದರಲ್ಲಿ?"

ಮುಚ್ಚಿಟ್ಟ ಕೋಣೆಯ ಬಾಗಿಲನ್ನು ಯಾರೋ ಕೇಳದೆ ತಳ್ಳಿದ ಹಾಗಾಯಿತು ಅವಳಿಗೆ. ನೋವಿಗೆ ಬಾಯಿಗೆ ಬಂದದ್ದನ್ನು ಅಂದುಬಿಟ್ಟಳು.

"ಒಂದು ಕಡೆ ಕಿವಿ ಕೇಳದವರು ಹಾಡಿನ ತೂಕ ಹೇಳ್ತಿದಾರೆ! ಎಡಗಡೆ ಸ್ಪೀಕರ್ ಓಡ್ತಿದೆಯೋ ಇಲ್ವೋ, ಅದಾದ್ರೂ ಗೊತ್ತಾಗುತ್ತಾ ನಿಮಗೆ?"

ಅವನು ಲ್ಯಾಪ್‌ಟಾಪಿನತ್ತ ಬಾಗಿದ. ಹಾಡು ನಿಲ್ಲಿಸಿದ. ಮುಖ ಸಣ್ಣಗಾಗಿತ್ತು.

‘ಕ್ಷಮಿಸಿ’ ಎನ್ನಬೇಕಿತ್ತು. ಅವಳು ಅನ್ನದೆಯೇ ಮನೆಗೆ ಬಂದಳು.

*

ಮರುದಿನ ಸಂಜೆ ತಂಗಿ ಓಡಿ ಬಂದು ಕೊರಳಿಗೆ ಜೋತುಬಿದ್ದಳು. ಕಣ್ಣು ಕೆಂಪಾಗಿತ್ತು.

"ಡಿಜೆ ಬೇಡ ಅಂತ ಹೇಳ್ಬಿಟ್ಟೆ ಅಕ್ಕಾ! ನಿನ್ನ ಪಟ್ಟೀನೇ ಹಾಕೋಣ."

"ಏನು?"

"ನಿನ್ನ ಲ್ಯಾಪ್‌ಟಾಪ್ ತೆಗೆದಿದ್ದೆ. ಪ್ರತಿ ಹಾಡಿನ ಪಕ್ಕ ಏನೇನು ಬರೆದಿದೀಯ ಓದಿದೆ. ಏಳನೇದರ ಪಕ್ಕ, ‘ಇವಳಿಗೆ ಎಂಟು ವರ್ಷ, ಬಕೆಟ್ ತಲೆ ಮೇಲೆ ಹಾಕ್ಕೊಂಡು ಕುಣಿದಳು, ಅಮ್ಮ ನಕ್ಕು ನಕ್ಕು ಕೂತುಬಿಟ್ಟಳು...’ ಇಷ್ಟೆಲ್ಲ ಇದ್ರೂ ನಾನು ನಿದ್ದೆ ಬರುತ್ತೆ ಅಂದ್ನಲ್ಲೇ! ಖುಷಿ ಆಯ್ತಾ?"

ಹನ್ನೊಂದು ತಿಂಗಳು ಕಾದದ್ದು ಈ ಮಾತಿಗೇ. ಆದರೆ ಅವಳು ತಂಗಿಯ ಕೈ ಬಿಡಿಸಿಕೊಂಡಳು.

"ಅವರಿಗೆ ಕಾರಣ ಹೇಳಿದ್ಯಾ?"

"ಇಲ್ಲ. ಬೇಡ ಅಂತ ಮೆಸೇಜ್ ಹಾಕಿದೆ, ಅಷ್ಟೆ."

ಆಗಲೇ ಅವಳ ಮೊಬೈಲ್ ಬೆಳಗಿತು. ಅವನದೇ ಸಂದೇಶ. ‘ಕೋಣೆಯ ಮಾತು ಕೋಣೆಯಲ್ಲೇ ಇರುತ್ತೆ ಅಂದಿದ್ರಿ. ನಂಬಿದ್ದೆ.’

ಕಿವಿಯ ಗುಟ್ಟನ್ನು ಅವಳೇ ತಂಗಿಗೆ ಹೇಳಿದಳೆಂದು ತಿಳಿದಿದ್ದಾನೆ! ಕರೆ ಮಾಡಿದಳು. ಒಂದು ಸಲ, ಎರಡು ಸಲ, ಆರು ಸಲ... ಅವನು ಎತ್ತಲಿಲ್ಲ. ‘ನಾನು ಹೇಳಿಲ್ಲ’ ಎಂದು ಬರೆದಳು, ಅಳಿಸಿದಳು. ನಿನ್ನೆ ಅಷ್ಟು ದೊಡ್ಡ ಮಾತಾಡಿದ ಬಾಯಿಯನ್ನು ಯಾರು ತಾನೆ ನಂಬುತ್ತಾರೆ?

ಮುಂದಿನ ದಿನಗಳಲ್ಲಿ ಊಟದ ಬಿಡುವಿಗೆ ಅವಳು ಬೂತಿಗೆ ಹೋಗಿ ಸುಮ್ಮನೆ ಕೂರುತ್ತಿದ್ದಳು. ಹಾಡು ಹಾಕಲು ಮನಸ್ಸಾಗುತ್ತಿರಲಿಲ್ಲ. ಅಲ್ಲಿ ಹೆಚ್ಚು ಹೊತ್ತು ಕುಳಿತರೆ ನಮ್ಮ ರಕ್ತ ಹರಿಯುವ ಸದ್ದು ನಮಗೇ ಕೇಳಿಸುತ್ತದೆ. ಏಳು ವರ್ಷ ಅದನ್ನೇ ಅವಳು ನೆಮ್ಮದಿ ಎಂದುಕೊಂಡಿದ್ದಳು. ಈಗ ಗೋಡೆಯ ಮೇಲಿನ ಖಾಲಿ ಮೊಳೆಯನ್ನು ನೋಡುತ್ತಿದ್ದಳು. ಕಿವಿಯ ಚಿತ್ರವನ್ನು ಅವಳಿನ್ನೂ ಮತ್ತೆ ತೂಗುಹಾಕಿರಲಿಲ್ಲ.

ಮದುವೆಗೆ ನಾಲ್ಕು ದಿನ ಉಳಿದಾಗ, ಬಟ್ಟೆ ಮಡಚುತ್ತಿದ್ದ ತಂಗಿಯ ಎದುರು ಬಂದು ನಿಂತಳು.

"ನನ್ನ ಪಟ್ಟಿ ಬೇಡ ಕಣೇ. ಅವರನ್ನೇ ಕರಿ."

"ಏನಾಯ್ತೇ ನಿನಗೆ? ತಲೆ ಕೆಟ್ಟಿದೆಯಾ?"

"ಅದು ಒಬ್ಬರೇ ಕೂತು ಕೇಳೋ ಪಟ್ಟಿ. ಹಾಲ್‌ನಲ್ಲಿ ಯಾರಿಗೂ ಕೇಳಿಸಲ್ಲ. ಅವರು ನಿಜಾನೇ ಹೇಳಿದ್ರು, ನಾನು ಮುಖ ಮುರಿದ ಹಾಗೆ ಮಾತಾಡಿಬಿಟ್ಟೆ. ನೀನು ಯಾಕೆ ಬೇಡ ಅಂದೆ ಅನ್ನೋದನ್ನೂ ಅವರಿಗೆ ಹೇಳು. ಬಕೆಟ್ ವಿಷಯನೂ ಹೇಳು. ನಾನು ಹೇಳಿದ್ರೆ ನಂಬಲ್ಲ."

ತಂಗಿ ಮಡಚುವುದನ್ನು ನಿಲ್ಲಿಸಿ ಅಕ್ಕನ ಮುಖವನ್ನೇ ನೋಡಿದಳು.

"ಒಬ್ಬ ಡಿಜೆ ನಂಬದೇ ಇದ್ರೆ ನಿನಗ್ಯಾಕೆ ಕಣ್ಣಲ್ಲಿ ನೀರು?"

"...ಧೂಳು."

"ಹೌದೌದು, ಹೊಸ ಸೀರೆಯಿಂದ ಎದ್ದ ಧೂಳು" ಎಂದು ತಂಗಿ ಫೋನ್ ತೆಗೆದುಕೊಂಡಳು.

*

ಮದುವೆಯ ದಿನ ಅವನು ಎಲ್ಲರಿಗಿಂತ ಮೊದಲು ಬಂದಿದ್ದ. ಅವಳನ್ನು ಕಂಡು ತಲೆಯಾಡಿಸಿದ. ಮತ್ತೆ ವೈರು ಜೋಡಿಸಲು ಬಾಗಿದ. ಅವಳು ಹೂವಿನ ಬುಟ್ಟಿ ಇಳಿಸಿ ಹಿಂದಿನ ಸಾಲಿನ ಕೊನೆಯ ಕುರ್ಚಿಗೆ ಹೋದಳು.

ಮಧ್ಯಾಹ್ನದ ಹೊತ್ತಿಗೆ ಹಾಲ್ ತುಂಬಿತು. ಜನ ಕುಣಿಯುತ್ತಿದ್ದರು. ಚಿಕ್ಕಮ್ಮ ಅವಳ ಪಕ್ಕ ಬಂದು ಕೂತು ಕಾಲು ಒತ್ತಿಕೊಂಡಳು. "ನನ್ನ ಮಂಡಿ ನೋವು ನನಗಿರಲಿ, ನಿನ್ನ ವಯಸ್ಸಿಗೇನು ಬಂದಿದೆ ರೋಗ? ಎದ್ದು ಹೋಗೇ!"

ಅವಳು ನಕ್ಕಳು. ಇಷ್ಟೊಂದು ಜನರ ನಡುವೆಯೂ ಅವಳ ಸುತ್ತ ಬೂತಿನ ಗೋಡೆಗಳೇ ಇದ್ದವು.

ಇದ್ದಕ್ಕಿದ್ದಂತೆ ಹಾಡು ಬದಲಾಯಿತು.

ಅವಳ ಪಟ್ಟಿಯ ಏಳನೇ ಹಾಡು! ಅದೇ ಕೊಳಲು. ಆದರೆ ಅವನು ಅದಕ್ಕೆ ಕೆಳಗಿನಿಂದ ಒಂದು ತಾಳ ಕೊಟ್ಟು, ದನಿ ಎತ್ತಿ, ನಾನೂರು ಜನರ ಗದ್ದಲದ ಮೇಲೆ ತಂದು ನಿಲ್ಲಿಸಿದ್ದ. ತಂಗಿ ಕುಣಿತ ನಿಲ್ಲಿಸಿ, ಕೈತೊಳೆಯುವ ಜಾಗಕ್ಕೆ ಓಡಿ, ಒಂದು ಖಾಲಿ ಬಕೆಟ್ ತಂದು ತಲೆಯ ಮೇಲೆ ಬೋರಲು ಹಾಕಿಕೊಂಡಳು! ಹಾಲ್ ಪೂರ್ತಿ ನಕ್ಕಿತು. ಹಿಂದಿನ ಸಾಲಿನಲ್ಲಿ ಅಕ್ಕ ಒಬ್ಬಳು ನಗುತ್ತಲೇ ಅತ್ತಳು.

ಕಣ್ಣೊರೆಸಿ ನೋಡಿದರೆ, ಅವನು ದೂರದಿಂದ ಅವಳನ್ನೇ ನೋಡುತ್ತಿದ್ದ. ತನ್ನ ಎಡಗಡೆಯಲ್ಲಿದ್ದ ಕುರ್ಚಿಯನ್ನು ತೋರಿಸಿದ.

ಅವಳು ಹೋದಳು. ಅಷ್ಟು ಜನರನ್ನು ದಾಟಿಕೊಂಡು ಹೋದಳು.

"ಎಡಗಡೆ ಸ್ಪೀಕರ್ ಹೆಚ್ಚಾಯ್ತಾ ಕಡಿಮೆ ಆಯ್ತಾ, ನನಗೆ ನಿಜವಾಗ್ಲೂ ಗೊತ್ತಾಗಲ್ಲ" ಎಂದ. "ನೀವಿಲ್ಲಿ ಕೂತ್ಕೊಳ್ಳಿ. ಹೆಚ್ಚಾದ್ರೆ ಒಂದು ಬೆರಳು, ಕಡಿಮೆ ಆದ್ರೆ ಎರಡು."

"ಅವತ್ತು ನಾನು ಹಾಗೆ ಅನ್ನಬಾರದಿತ್ತು."

"ನಾನೂ ಹಾಗೆ ಮೆಸೇಜ್ ಹಾಕಬಾರದಿತ್ತು. ಹೇಳಿರ್ತೀರಿ ಅಂತ ಒಂದೇ ಏಟಿಗೆ ತೀರ್ಮಾನ ಮಾಡ್ಬಿಟ್ಟೆ. ಕೇಳಲೂ ಇಲ್ಲ."

ಸಂಜೆಯವರೆಗೂ ಅವಳು ಅವನ ಎಡಗಿವಿಯಾಗಿ ಕುಳಿತಿದ್ದಳು. ಒಂದು ಬೆರಳು. ಎರಡು ಬೆರಳು. ಅವನು ಪ್ರತಿ ಸಲವೂ ನೋಡಿದ.

*

ತಂಗಿಯ ಕಾರು ತಿರುವಿನಲ್ಲಿ ಮರೆಯಾಯಿತು. ನೆಂಟರು ಚದುರಿದರು. ಬೆಳಕು ಇನ್ನೂ ಇತ್ತು. ಮನೆಯ ಬೀಗದ ಕೈ ಅವಳ ಅಂಗೈಯಲ್ಲಿ ತಣ್ಣಗಿತ್ತು. ಒಂದೇ ಬೀಗ, ಎರಡು ಕೋಣೆ.

ಅವಳು ಮನೆಯ ಕಡೆ ಹೊರಡದೆ ಹಾಲ್‌ಗೆ ವಾಪಸ್ ಬಂದಳು.

ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಅವನು ಕುಳಿತು, ತಲೆ ತಗ್ಗಿಸಿ ವೈರು ಸುತ್ತುತ್ತಿದ್ದ. ಎಡಗಡೆಯ ಆ ಕುರ್ಚಿಯನ್ನು ಮಾತ್ರ ಯಾರೂ ಎತ್ತಿರಲಿಲ್ಲ. ಅವಳು ಬಂದು ಅದರಲ್ಲೇ ಕುಳಿತಳು.

"ನಿಮ್ಮದು ಅನ್ನೋ ಹಾಡು ಸಿಕ್ತಾ?" ಅವನು ತಲೆ ಎತ್ತದೆ ಕೇಳಿದ.

"ಇಲ್ಲ."

"ಅವಸರ ಇಲ್ಲ. ಹುಡುಕೋಣ."

ಹುಡುಕೋಣ... ಇಬ್ಬರು ಸೇರಿ ಮಾಡುವ ಕೆಲಸ ಅದು. ಆ ಒಂದು ಮಾತಿಗೆ ಅವಳ ಎದೆ ತುಂಬಿ ಬಂತು. ನೇರವಾಗಿ ಹೇಳುವ ಧೈರ್ಯ ಸಾಲಲಿಲ್ಲ. ಅವನ ಎಡಗಿವಿಯ ಹತ್ತಿರಕ್ಕೆ ಬಾಗಿ, ಅತಿ ಸಣ್ಣ ಬೀಪಿಗಿಂತಲೂ ಮೆಲ್ಲಗೆ ಹೇಳಿದಳು.

"ಒಬ್ಬಳೇ ಇದ್ದೂ ಇದ್ದೂ ಸಾಕಾಗಿದೆ. ನಿಮ್ಮ ಜೊತೆ ಇರಬೇಕು ಅನ್ಸುತ್ತೆ."

ಅವನ ಕೈ ನಿಂತಿತು. ಹೆಬ್ಬೆರಳು ಗಾಳಿಯಲ್ಲಿ, ಇಲ್ಲದ ಒಂದು ಗುಂಡಿಯನ್ನು ಒತ್ತಿತು.

ಅವಳು ಬೆಚ್ಚಿಬಿದ್ದಳು. "ಕೇಳಿಸ್ತಾ?!"

"ಇಲ್ಲ."

"ಮತ್ತೆ ಯಾಕೆ ಒತ್ತಿದ್ರಿ?"

"ಉಸಿರು ಹಿಡಿದ್ರಿ."

ಅವನ ಮುಂದೆ ಆರಿದ ಲ್ಯಾಪ್‌ಟಾಪಿನ ಕಪ್ಪು ಪರದೆ ಇತ್ತು. ಅದರಲ್ಲಿ ಅವಳ ಮುಖ.

"ನೀವು ಮೋಸ ಮಾಡ್ತಿದೀರಿ..." ಅವಳು ಪರದೆಯತ್ತ ಬೆರಳು ತೋರಿಸಿದಳು.

"ಹೂಂ. ಈ ಸಲ ಸರಿಯಾಗಿ ಪರೀಕ್ಷೆ ಮಾಡಿ."

ಅವನು ಲ್ಯಾಪ್‌ಟಾಪ್ ಮುಚ್ಚಿದ. ಎದ್ದು, ಅವಳ ಕೈ ಹಿಡಿದು ಎಬ್ಬಿಸಿ, ಆ ಕುರ್ಚಿಯನ್ನು ತಂದು ತನ್ನ ಬಲಗಡೆ ಇಟ್ಟ. ಕಣ್ಣು ಮುಚ್ಚಿ ಕುಳಿತ.

ಅವಳು ಕುಳಿತಳು. ಉಸಿರು ಹಿಡಿದಳು. ಅದೇ ಮಾತನ್ನು ಮತ್ತೆ ಹೇಳಿದಳು.

ಅವನು ಕಣ್ಣು ತೆರೆಯಲಿಲ್ಲ.

"ಇನ್ನೊಂದು ಸಲ ಹೇಳಿ."

"ಕೇಳಿಸಲಿಲ್ವಾ?"

"ಕೇಳಿಸ್ತು. ಅದಕ್ಕೇ."