ಒದ್ದೆ ಬೆಲ್ಟು, ಒಣ ಕ್ಯಾಮೆರಾ

ವೈದ್ಯನಾಥಪುರದ ಹೊಳೆಯಲ್ಲಿ ಹೆಣವನ್ನು ಮೊದಲು ಕಂಡವಳು ಮಲ್ಲಿಗಮ್ಮ. ಬಟ್ಟೆ ಒಗೆಯಲು ಬಂದಿದ್ದಳು. ಜೊಂಡಿನಲ್ಲಿ ನೀಲಿ ಶರ್ಟು ಸಿಕ್ಕಿಕೊಂಡಿದೆ ಅಂತ ಎಳೆಯಲು ಹೋದಳಂತೆ. ಶರ್ಟಿನೊಳಗೆ ಮನುಷ್ಯನಿದ್ದ.

ಮದ್ದೂರಿನಿಂದ ನಮ್ಮ ಜೀಪು ಹೋಗುವಷ್ಟರಲ್ಲಿ ಅರ್ಧ ಊರು ದಡದಲ್ಲಿ ನಿಂತಿತ್ತು. ನಾನು ಹೆಡ್ ಕಾನ್‌ಸ್ಟೇಬಲ್ ಕೆಂಪರಾಜು. ಜೊತೆಗೆ ನಮ್ಮ ಎಸ್‌ಐ ಶಶಿರೇಖಾ ಮೇಡಂ. ಅವರಿಗೆ ಮಾತು ಕಡಿಮೆ. ಅವರ ಪಾಲಿನದ್ದನ್ನೂ ನಾನೇ ಆಡುತ್ತೇನೆ ಅಂತ ಸ್ಟೇಷನ್ನಿನಲ್ಲಿ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಮುಖ ನೋಡಿದ ಕೂಡಲೇ ಗುರುತು ಸಿಕ್ಕಿತು. ಚಿಕ್ಕರಸಿನಕೆರೆಯ ಸ್ಟುಡಿಯೋ ಮಹದೇವು. ನನ್ನ ಮಗಳ ಮದುವೆಯ ಆಲ್ಬಮ್ಮು ಮಾಡಿಕೊಟ್ಟವನು. ಊಟಕ್ಕೆ ಕೂರಿಸಿದರೆ ಕ್ಯಾಮೆರಾವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಉಣ್ಣುತ್ತಿದ್ದ. ಆ ಕ್ಷಣ ಪೊಲೀಸಿನವನಾಗಿ ನಿಲ್ಲುವುದು ಕಷ್ಟವಾಯಿತು.

"ಬೆಳಿಗ್ಗೆ ಎಂಡ್ರು ಜೊತೆ ಜಗಳ ಆಡ್ಕಂಡು ಬಂದಿದ್ನಂತೆ ಕಣಪ್ಪ," ಮಲ್ಲಿಗಮ್ಮ ಪಿಸುಗುಟ್ಟಿದಳು. "ಅವ್ನಾಗೇ ಬಿದ್ಬುಟ್ಟ ಅಂತಾವ್ರೆ."

ಮೇಡಂ ಕಿವಿಗೊಡಲಿಲ್ಲ. ಅವರು ಹೊಳೆಗೆ ಇಳಿಯುವ ಮೆಟ್ಟಿಲ ಮೇಲಿದ್ದ ಕ್ಯಾಮೆರಾ ಬ್ಯಾಗಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಒಳಗೆ ಕ್ಯಾಮೆರಾ. ಹಳದಿ ಬಟ್ಟೆಯಲ್ಲಿ ನೀಟಾಗಿ ಸುತ್ತಿತ್ತು. ಲೆನ್ಸ್ ಇರಲಿಲ್ಲ. ಲೆನ್ಸ್ ಕೂರುವ ಜಾಗಕ್ಕೆ ಮುಚ್ಚಳ ಹಾಕಿತ್ತು. ಕುತ್ತಿಗೆಗೆ ಹಾಕುವ ಬೆಲ್ಟನ್ನು ಬಿಗಿಯಾಗಿ ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿತ್ತು.

"ಮುಟ್ಟಿ ನೋಡಿ," ಅಂದರು.

ಗ್ಲೌಸ್ ಹಾಕಿಕೊಂಡು ಮುಟ್ಟಿದೆ. ಕ್ಯಾಮೆರಾ ಒಣಗಿತ್ತು. ಬೆಲ್ಟು ಮಾತ್ರ ಒದ್ದೆ. ಅದರ ನಡುವೆ ಒಂದೆಳೆ ಹಸಿರು ಪಾಚಿ.

"ಮಳೆ ಗಿಳೆ..." ಅಂದೆ.

"ಬೆಲ್ಟಿನ ಮೇಲೆ ಮಾತ್ರ ಬೀಳೋ ಮಳೆನಾ?"

ನಾನು ಪಾಚಿಯ ಎಳೆಯನ್ನು ಬಿಡಿಸಿ ಕವರಿಗೆ ಹಾಕಿದೆ.

* * *

ಪೋಸ್ಟ್‌ಮಾರ್ಟಂನಲ್ಲಿ ನೀರು ಕುಡಿದು ಸತ್ತದ್ದು ಅಂತ ಬಂತು. ಮೈಮೇಲೆ ಗಾಯವಿಲ್ಲ. ಕಾಲಲ್ಲಿ ಶೂ ಹಾಗೇ ಇತ್ತು. ಅಂದರೆ ಸ್ನಾನಕ್ಕೆ ಇಳಿದವನಲ್ಲ.

ಮಹದೇವುವಿನ ಹೆಂಡತಿ ಮಂಜುಶ್ರೀ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ. ಗೋಡೆಗೆ ಒರಗಿ ಕೂತಿದ್ದಳು. ಸುತ್ತಲಿನ ಹೆಂಗಸರು ಅಳುತ್ತಿದ್ದರು. ಅವಳು ಅಳುತ್ತಿರಲಿಲ್ಲ.

"ಒಂದೇ ಒಂದು ಕೇಳ್ತೀನಿ ಮೇಡಂ. ಅವ್ರಾಗೇ ಬಿದ್ರಾ?"

"ಯಾಕೆ ಹಾಗೆ ಕೇಳ್ತೀಯಮ್ಮ?"

ಅವಳು ಹೇಳಿದಳು. ಒಂದು ತಿಂಗಳಿಂದ ಮನೆಯಲ್ಲಿ ಬರೀ ಲೆನ್ಸಿನ ಮಾತು. ಕೊಕ್ಕರೆ ಬೆಳ್ಳೂರಿನ ಹಕ್ಕಿಗಳು ಗೂಡಿನಲ್ಲಿ ಮರಿಗಳಿಗೆ ಉಣಿಸುವುದನ್ನು ತೆಗೆಯಬೇಕು ಅಂತ ಅವನಿಗೆ ಆಸೆ. ಅದಕ್ಕೆ ದೂರದ ಲೆನ್ಸ್ ಬೇಕು. ಹೊಸದು ಕೈಗೆಟುಕದು. ಸೆಕೆಂಡ್ ಹ್ಯಾಂಡಿನಲ್ಲಿ ಎರಡು ಸಿಕ್ಕವು. ಒಂದೇ ಕಂಪನಿ, ಒಂದೇ ಮಾಡೆಲ್. ಮಂಡ್ಯದ ಅಂಗಡಿಯದ್ದು ಎರಡು ವರ್ಷ ಹಳೆಯದು, ಆರು ತಿಂಗಳ ವಾರಂಟಿ ಇತ್ತು. ಇನ್ನೊಂದು ಹತ್ತು ವರ್ಷ ದಾಟಿದ್ದು. ವಾರಂಟಿ ಇಲ್ಲ, ರೇಟು ಅರ್ಧಕ್ಕಿಂತ ಕಡಿಮೆ.

"ಹಳೇದು ಯಾರದ್ದು?"

"ಯೋಳ್ನಿಲ್ಲ ಮೇಡಂ. ಮಾರ್ತಾವ್ರೆ ಅಂತ ಗೊತ್ತಾದ್ರೆ ಅವ್ರ ಮರ್ವಾದೆ ಓಯ್ತದೆ, ಯಾರ್ಗೂ ಯೋಳಲ್ಲ ಅಂತ ಮಾತು ಕೊಟ್ಟಿವ್ನಿ ಅಂದ್ರು."

"ಜಗಳ?"

ಮಂಜುಶ್ರೀ ಸೆರಗಿನ ತುದಿ ಹಿಂಡಿದಳು. "ವಾರಂಟಿ ಇರೋದ್ನೇ ತಗಳಿ ಅಂದೆ. 'ಅವ್ರ ಮಾತೇ ವಾರಂಟಿ ಕಣೆ' ಅಂದ್ರು. ನಂಗೆ ರೇಗ್ತು. 'ಕೆಟ್ಟೋದ್ಮೇಲೆ ನನ್ ಮುಂದೆ ಬಂದು ನಿಂತ್ಕಬೇಡಿ' ಅಂದ್ಬುಟ್ಟೆ." ಬಾಗಿಲ ಕಡೆ ನೋಡಿದಳು. "ಅದೇ ಕಡೇ ಮಾತು. ಬರ್ನೇ ಇಲ್ಲ ನೋಡಿ."

ಜೀಪು ಹತ್ತಿದ ಮೇಲೂ ಅವಳ ಮುಖ ನನ್ನ ಕಣ್ಣಿಂದ ಹೋಗಲಿಲ್ಲ. ಗಂಡ ಸತ್ತ ದುಃಖಕ್ಕಿಂತ ದೊಡ್ಡದೊಂದನ್ನು ಅವಳು ಹೊತ್ತು ಕೂತಿದ್ದಳು. ನಾವು ಇಳಿಸದಿದ್ದರೆ ಜೀವನಪೂರ್ತಿ ಹೊರುತ್ತಿದ್ದಳು.

* * *

ಮಂಡ್ಯದ ಅಂಗಡಿಯವನು ರಘುನಂದನ್. ಹಳೇ ಕ್ಯಾಮೆರಾ, ಹಳೇ ಲೆನ್ಸಿನ ವ್ಯಾಪಾರ. ಪೊಲೀಸರನ್ನು ನೋಡಿ ಬೆವೆತುಬಿಟ್ಟ. ಬೆವರಲು ಕಾರಣವಿತ್ತು. ಆ ಬೆಳಿಗ್ಗೆ ಮಹದೇವುಗೆ ಒಂದೇ ಸಮ ಫೋನ್ ಮಾಡಿದ್ದ. ಅವತ್ತೇ ಅಂಗಡಿ ಮುಚ್ಚಿದ್ದ.

"ಬಾಮೈದನ ಮಗು ನಾಮಕರಣ ಮೇಡಂ," ಅಂತ ಮೊಬೈಲು ತೆರೆದ. ತೊಟ್ಟಿಲು ತೂಗುತ್ತಿರುವ ವಿಡಿಯೋದಲ್ಲಿ ಅವನೇ ಇದ್ದ, ಬೆಳಗಿನಿಂದ ಊಟದವರೆಗೂ. "ಇನ್ನೊಂದು ಪಾರ್ಟಿ ಬಂದಿತ್ತು. ಬೇಕೋ ಬೇಡ್ವೋ ಹೇಳಪ್ಪ ಅಂತ ಕೇಳೋಕೆ ಫೋನ್ ಮಾಡ್ತಿದ್ದೆ. ಹಿಂದಿನ ದಿನ ಟ್ರಯಲ್‌ಗೆ ತಗೊಂಡೋಗಿ ಸಂಜೆ ವಾಪಸ್ ತಂದುಕೊಟ್ಟಿದ್ದ. ನೋಡಿ, ಇಲ್ಲೇ ಇದೆ."

ಮೇಡಂ ಮಹದೇವುವಿನ ಮೆಮೊರಿ ಕಾರ್ಡನ್ನು ಅವನ ಕಂಪ್ಯೂಟರಿಗೆ ಹಾಕಿಸಿದರು. ಹಿಂದಿನ ದಿನದ ಫೋಟೋಗಳಲ್ಲಿ ಹೊಳೆದಡದ ದೇವಸ್ಥಾನದ ಗೋಪುರವಿತ್ತು. ಸತ್ತ ದಿನ ಬೆಳಿಗ್ಗೆಯೂ ಅದೇ ಗೋಪುರ. ಅದೇ ಮೆಟ್ಟಿಲಲ್ಲಿ ನಿಂತು ತೆಗೆದದ್ದು. ಎರಡು ಲೆನ್ಸನ್ನು ಹೋಲಿಸಿ ನೋಡುವವರು ಹೀಗೇ ಮಾಡುತ್ತಾರಂತೆ.

ಮೊದಲ ದಿನದ ಗೋಪುರ ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟವಾಗಿತ್ತು. ಎರಡನೆಯ ದಿನದ್ದರಲ್ಲಿ ಎಡಗಡೆ ಮೇಲ್ಭಾಗಕ್ಕೆ ಹಾಲು ಚೆಲ್ಲಿದ ಹಾಗೆ ಒಂದು ಮಸುಕು. ಬೆಳಕಿಗೆ ಎದುರಾಗಿ ತೆಗೆದ ಎಲ್ಲಾ ಫೋಟೋಗಳಲ್ಲೂ ಅದೇ ಜಾಗದಲ್ಲಿ.

"ಫಂಗಸ್ ಮೇಡಂ," ಅಂದ ರಘುನಂದನ್. "ಲೆನ್ಸಿನೊಳಗೆ ಬೂಷ್ಟು ಹಿಡಿದಿದೆ. ಒಂದೊಂದು ಲೆನ್ಸಿಗೆ ಒಂದೊಂದು ಥರ ಹಿಡಿಯುತ್ತೆ. ಇದು ನನ್ನದಲ್ಲ."

ಅವನ ಲೆನ್ಸನ್ನು ಅಲ್ಲೇ ಕ್ಯಾಮೆರಾಗೆ ಹಾಕಿಸಿ, ಬಿಸಿಲಿಗೆ ಎದುರಾಗಿ ಬೀದಿಯ ಫೋಟೋ ತೆಗೆಸಿದರು. ಕನ್ನಡಿಯ ಹಾಗಿತ್ತು.

ಹೊರಗೆ ಬಂದ ಮೇಲೆ ಮೇಡಂ ಅಂದರು, "ಹಳೇ ಲೆನ್ಸಿನ ಯಜಮಾನ ಅವತ್ತು ಮೆಟ್ಟಿಲ ಮೇಲಿದ್ದ. ಲೆನ್ಸ್ ಬಿಚ್ಚಿಕೊಂಡು ಹೋಗಿದ್ದಾನೆ. ಯಾರಿರಬಹುದು?"

"ಯಾರೋ ದುಡ್ಡಿಲ್ಲದೋರು."

"ಮರ್ಯಾದೆ ಇರೋರು," ಅಂದರು ಮೇಡಂ.

* * *

ಮೂರನೆಯ ದಿನ ಸಮಾಧಿಗೆ ಹಾಲುತುಪ್ಪ ಬಿಡುವ ಶಾಸ್ತ್ರ. ಕ್ಯಾಮೆರಾ ಗುರುತಿಸಲು ಹೇಳಬೇಕು ಅಂತ ಮೇಡಂ ಅದನ್ನು ಚಿಕ್ಕರಸಿನಕೆರೆಗೆ ತಂದಿದ್ದರು.

ಅಂಗಳದಲ್ಲಿ ಮಳವಳ್ಳಿಯ ಚಿಕ್ಕಣ್ಣ ಕೂತಿದ್ದರು. ಮಹದೇವುವಿನ ಗುರು. ಈ ಕಡೆಯ ಫೋಟೋಗ್ರಾಫರುಗಳಲ್ಲಿ ಅರ್ಧ ಜನ ಅವರ ಕೈಯಲ್ಲಿ ಏಟು ತಿಂದು ಕಲಿತವರೇ. ಕಣ್ಣು ಊದಿಕೊಂಡಿತ್ತು. ಮಹದೇವುವಿನ ಮೊಬೈಲಿನ ಕರೆಗಳಲ್ಲಿ ಅವರ ಹೆಸರೂ ಇತ್ತು. ಆದರೆ ಗುರು ಶಿಷ್ಯರು ವರ್ಷಗಟ್ಟಲೆಯಿಂದ ದಿನಾ ಮಾತಾಡುವವರು. ನಾವು ಅದಕ್ಕೆ ತಲೆ ಕೆಡಿಸಿಕೊಂಡಿರಲಿಲ್ಲ.

"ನನ್ ಮಗ ಕಣಮ್ಮ ಅವ್ನು," ಅಂತ ಮೇಡಂ ಮುಂದೆ ಅತ್ತರು. "ನೀನ್ ಬಿದ್ರೂ ಕ್ಯಾಮೆರಾ ಬೀಳ್ಬಾರ್ದು ಕಣ್ಲಾ ಅಂತ ಬೆನ್ಮೇಲೆ ಗುದ್ದಿ ಗುದ್ದಿ ಕಲ್ಸಿದ್ದೆ."

ಮಂಜುಶ್ರೀ ಕ್ಯಾಮೆರಾವನ್ನು ನೋಡಿ ತಲೆಯಾಡಿಸಿ ಜಗುಲಿಯ ಮೇಲಿಟ್ಟಳು. ಬೆಲ್ಟು ನೆಲಕ್ಕೆ ಇಳಿಬಿದ್ದಿತ್ತು. ಚಿಕ್ಕಣ್ಣ ಅಳುತ್ತಲೇ ಅದನ್ನು ಎತ್ತಿಕೊಂಡರು. ಪಂಚೆಯ ಅಂಚಿನಿಂದ ಒರೆಸಿದರು. ಬೆಲ್ಟನ್ನು ಬಿಗಿಯಾಗಿ ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿದರು. ಏನು ಮಾಡುತ್ತಿದ್ದೇನೆ ಅನ್ನುವುದು ಅವರಿಗೇ ಗೊತ್ತಿರಲಿಲ್ಲ. ಆ ಕೆಲಸ ಕೈಗಳದ್ದು.

ಮೇಡಂ ಮಂಜುಶ್ರೀಯನ್ನು ಪಕ್ಕಕ್ಕೆ ಕರೆದರು. "ನಿಮ್ಮವರೂ ಬೆಲ್ಟು ಹೀಗೇ ಸುತ್ತಿಡ್ತಿದ್ರಾ?"

"ಇಲ್ಲ ಮೇಡಂ, ಅಂಗೇ ತುರುಕೋರು. ಅದ್ಕೇ ಗುರುಗಳ ಕೈಲಿ ಬೈಸ್ಕಳೋರು."

ಮೇಡಂ ವಾಪಸ್ ಬಂದು ಚಿಕ್ಕಣ್ಣನ ಪಕ್ಕ ಕೂತರು. "ನಿಮ್ಮ ಹತ್ರ ದೂರದ ಲೆನ್ಸ್ ಇದೆಯಾ ಯಜಮಾನ್ರೇ?"

"ಇತ್ತು ಕಣಮ್ಮ. ವರ್ಸದ ಇಂದೇನೇ ಮೈಸೂರ್ನೋರ್ಗೆ ಕೊಟ್ಬುಟ್ಟೆ."

* * *

ಮಾರನೆಯ ದಿನ ಮಳವಳ್ಳಿಗೆ ಹೋದೆವು. ಚಿಕ್ಕಣ್ಣನ ಸ್ಟುಡಿಯೋದ ಗಾಜಿನ ಬೀರುವಿನಲ್ಲಿ ಫೋಟೋಗಳನ್ನು ಜೋಡಿಸಿದ್ದರು. ನಡುವಿನ ದೊಡ್ಡದರಲ್ಲಿ ಮದುಮಕ್ಕಳು ಛತ್ರದ ಬಾಗಿಲಲ್ಲಿ ನಿಂತಿದ್ದರು. ಹಿಂದಿನಿಂದ ಬೆಳಕು. ಪಕ್ಕದ ಸ್ವಾಗತದ ಬೋರ್ಡಿನಲ್ಲಿ ಹೋದ ತಿಂಗಳ ತಾರೀಕು. ಎಡಗಡೆ ಮೇಲೆ, ಹಾಲು ಚೆಲ್ಲಿದ ಹಾಗೆ, ಅದೇ ಮಸುಕು.

ಅದನ್ನು ಎಲ್ಲರಿಗೂ ಕಾಣಲಿ ಅಂತ ಅವರೇ ನಡುವೆ ಇಟ್ಟಿದ್ದರು.

ಒಳಗೆ ಮೇಡಂ ಎರಡು ಪ್ರಿಂಟುಗಳನ್ನು ಮೇಜಿನ ಮೇಲಿಟ್ಟರು. ಒಂದು ಸ್ಪಷ್ಟ ಗೋಪುರ, ಒಂದು ಮಸುಕಾದದ್ದು.

"ಯಾವುದು ಚೆನ್ನಾಗಿದೆ ಯಜಮಾನ್ರೇ?"

ಚಿಕ್ಕಣ್ಣ ಕನ್ನಡಕ ಹಾಕಿ, ತೆಗೆದು, ಬಾಗಿಲ ಹತ್ತಿರ ಬೆಳಕಿಗೆ ಹಿಡಿದು ನೋಡಿದರು. "ಎಲ್ಡೂ ಒಂದೇ ಕಣಮ್ಮ."

"ಕೆಂಪರಾಜು, ನೀವು ಹೇಳಿ."

"ಎಡಗಡೆ ಮೇಲೆ ಮಸುಕಿದೆ ಮೇಡಂ," ಅಂದೆ. "ಇದರಲ್ಲೂ. ಬೀರುವಿನಲ್ಲಿರೋ ಮದುವೆ ಫೋಟೋದಲ್ಲೂ."

ಚಿಕ್ಕಣ್ಣ ನನ್ನ ಮುಖ ನೋಡಿದರು. ಆಮೇಲೆ ಮೇಡಂ ಮುಖ.

"ಅಂಗಾರೆ ಅವ್ನು ಯೋಳಿದ್ದು ದಿಟವಾ?"

ಅವರು ಕುರ್ಚಿಯಲ್ಲಿ ಕುಸಿದರು.

ಮೇಡಂ ಮೆಲ್ಲಗೆ ಹೇಳುತ್ತಾ ಹೋದರು. ಕೊಟ್ಟುಬಿಟ್ಟೆ ಅಂದ ಲೆನ್ಸಿನಲ್ಲಿ ಹೋದ ತಿಂಗಳು ಮದುವೆಯ ಫೋಟೋ ತೆಗೆದಿದ್ದಾರೆ. ಅದೇ ಲೆನ್ಸು ಮಹದೇವು ಸತ್ತ ಬೆಳಿಗ್ಗೆ ಅವನ ಕ್ಯಾಮೆರಾದಲ್ಲಿತ್ತು. ಮಹದೇವು ಎಂದೂ ಸುತ್ತದ ಬೆಲ್ಟನ್ನು ಯಾರೋ ಸುತ್ತಿಟ್ಟಿದ್ದರು. "ಕ್ಯಾಮೆರಾ ಅವನ ಜೊತೆ ನೀರಿಗೆ ಬಿದ್ದು ಮುಳುಗಿದ್ದರೆ ಪೂರ್ತಿ ನೆನೀತಿತ್ತು. ದಡದಲ್ಲೇ ಇಟ್ಟಿದ್ದರೆ ಬೆಲ್ಟೂ ಒಣಗಿರ್ತಿತ್ತು. ನೀರಲ್ಲಿದ್ದ ಮನುಷ್ಯ ಅದನ್ನ ಮೇಲಕ್ಕೆ ಎತ್ತಿ ಹಿಡಿದಿದ್ದ. ಬೆಲ್ಟು ಮಾತ್ರ ನೀರಿಗೆ ಇಳಿಬಿದ್ದಿತ್ತು. ದಡದಲ್ಲಿದ್ದ ಒಬ್ಬರು ಕೈ ಚಾಚಿ ಅದನ್ನ ಈಸ್ಕೊಂಡ್ರು."

ಚಿಕ್ಕಣ್ಣ ಎದ್ದು ಒಳಗಿನ ಅಕ್ಕಿ ಡಬ್ಬದಿಂದ ಒಂದು ಬಟ್ಟೆಯ ಗಂಟು ತಂದರು. ಲೆನ್ಸು. ಶೀತ ಹಿಡಿಯಬಾರದು ಅಂತ ಅಲ್ಲಿ ಇಟ್ಟಿದ್ದರು.

"ಬಿಸ್ಲಿಗೆ ಇಡ್ದು ನೋಡ್ದ. 'ಒಳ್ಗೆ ಫಂಗಸ್ ಕೂತದೆ ಸಾ, ಬ್ಯಾಡ' ಅಂದ. ನಂಗೇನೂ ಕಾಣ್ನಿಲ್ಲ. ಇನ್ನೂ ಕಮ್ಮಿಗೆ ಕೇಳಾಕೆ ಸುಳ್ಳು ಯೋಳ್ತಾವ್ನೆ ಅಂದ್ಕಂಡೆ. 'ನನ್ ಎಂಡ್ರು ಯೋಳಿದ್ದೇ ಸರಿ ಸಾ, ವಾರಂಟಿ ಇರೋದ್ನೇ ತಗತೀನಿ' ಅಂದ. ನಾನು ಕಲ್ಸಿದ ಉಡ್ಗ ನನ್ನ ಮಾತ್ನೇ ನಂಬ್ನಿಲ್ವಲ್ಲ ಅಂತ ಮೈ ಉರ್ದೋಯ್ತು. ಎದೆಗೆ ಕೈ ಕೊಟ್ಟು ನೂಕ್ಬುಟ್ಟೆ."

ಮೆಟ್ಟಿಲು ಪಾಚಿ ಕಟ್ಟಿತ್ತು. ಕೆಳಗೆ ಮಡು. ಮಹದೇವುಗೆ ಈಜು ಬರುತ್ತಿರಲಿಲ್ಲ.

"ಬೀಳ್ತಾ ಬೀಳ್ತಾನೇ ಕುತ್ಗೆಯಿಂದ ಕ್ಯಾಮೆರಾ ತಗ್ದು ಮೇಲಕ್ಕೆ ಎತ್ತಿದ. 'ಇಡ್ಕಳಿ ಸಾ, ಉಷಾರು' ಅಂದ. ಇಡ್ಕಂಡೆ."

"ಅವನ ಕೈ?" ಮೇಡಂ ಕೇಳಿದರು.

"ಕ್ಯಾಮೆರಾ ಒರ್ಸ್ದೆ. ಲೆನ್ಸು ಬಿಚ್ಚಿ ಮುಚ್ಚುಳ ಆಕ್ದೆ. ಬೆಲ್ಟು ಸುತ್ತಿ ಬ್ಯಾಗ್ಗೆ ಇಟ್ಟೆ." ಚಿಕ್ಕಣ್ಣ ತಮ್ಮ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡರು. "ತಿರುಗಿ ನೋಡ್ದಾಗ ಅವ್ನಿರ್ನಿಲ್ಲ. ಕೂಗಾಕೆ ಬಾಯೇ ಬರ್ನಿಲ್ಲ. ಆಮೇಲೆ ಎದ್ರಿಕೆ ಆಯ್ತು. ಬಸ್ಸತ್ತಿ ಬಂದ್ಬುಟ್ಟೆ."

ಅವರ ಮೇಲೆ ಕೋಪ ಬರಲಿ ಅಂತ ಕಾದೆ. ಬಂತು. ಅದರ ಜೊತೆಗೆ ಕಣ್ಣಲ್ಲಿ ನೀರೂ ಬಂತು. ಇದು ಕೊಲೆಯೋ ಅಲ್ಲವೋ ಅಂತ ಕೋರ್ಟು ಹೇಳುತ್ತದೆ. ನಾನು ಕೈ ಹಿಡಿದು ಅವರನ್ನು ಜೀಪಿಗೆ ಹತ್ತಿಸಿದೆ, ಮೆಟ್ಟಿಲು ಅವರಿಗೆ ಸರಿಯಾಗಿ ಕಾಣುತ್ತಿರಲಿಲ್ಲ.

* * *

ಸಂಜೆ ಚಿಕ್ಕರಸಿನಕೆರೆಗೆ ಹೋದೆವು. ಮೇಡಂ ಮಂಜುಶ್ರೀಯ ಪಕ್ಕ ನೆಲದ ಮೇಲೇ ಕೂತು ಎಲ್ಲವನ್ನೂ ಹೇಳಿದರು. ಏನನ್ನೂ ಮುಚ್ಚಿಡಲಿಲ್ಲ.

"ಗುರುಗಳಾ?" ಅಂದಳು. ಮೇಡಂ ಕಡೆ ತಿರುಗಿದಳು. ಆಮೇಲೆ, "ಅವ್ರಾಗೇ ಬೀಳ್ನಿಲ್ಲ ಅಲ್ವಾ ಮೇಡಂ? ನನ್ ಮೇಲೆ ಕ್ವಾಪ ಮಾಡ್ಕಂಡು ಓಗ್ನಿಲ್ಲ ಅಲ್ವಾ?"

"ಇಲ್ಲಮ್ಮ. ನೀನು ಹೇಳಿದ್ದೇ ಸರಿ ಅಂತ ಗುರುಗಳ ಮುಂದೆಯೇ ಹೇಳಿದ. ವಾರಂಟಿ ಇರೋದನ್ನೇ ತಗೊಳ್ಳೋನಿದ್ದ."

ಮಂಜುಶ್ರೀ ಜಗುಲಿಯ ಕಡೆ ನೋಡಿದಳು. ಅವನ ಚಪ್ಪಲಿ ಇನ್ನೂ ಅಲ್ಲೇ ಇತ್ತು.

"ಯಾಕೆ ನನ್ ಮಾತು ಕೇಳುದ್ರು ಮೇಡಂ?" ಅಂದಳು. "ಕೇಳ್ದೇ ಇದ್ದಿದ್ರೆ, ಆ ಬೂಷ್ಟು ಇಡ್ದಿರೋ ಲೆನ್ಸ್ ತಗಂಡು ಮನೇಗೆ ಬಂದಿರೋರು. ಬೈಸ್ಕಂಡು ನನ್ ಮುಂದೇನೇ ನಿಂತಿರೋರು."

ಆಗ ಅವಳು ಅತ್ತಳು. ಮೇಡಂ ಅವಳ ಕೈ ಹಿಡಿದುಕೊಂಡರು, ದೀಪ ಹಚ್ಚುವ ಹೊತ್ತಾದರೂ ಬಿಡಲಿಲ್ಲ.